ಬರಿಗೈ ಕಾಯಕ
ತಿಕೋಟಾ, ಬಬಲೇಶ್ವರ ಸೀಮೆಯ ಡೋಣಿ ಹೊಳೆಯಲ್ಲಿ ಸಂಜೆಯೆಲ್ಲ ಗಾಳ ಹಾಕಿ ಬರಿಗೈಲಿ ಏಳುವವನ ದುಡಿಮೆ ಕಾಯಕವೇ ಎಂಬ ಪ್ರಶ್ನೆ 12ನೇ ಶತಮಾನದ ಶರಣರ ವಿಚಾರದೊಳಗಿನದೇ. ಗೀತೆ ಫಲದ ಆಸೆ ಬಿಡು ಎನ್ನುತ್ತದೆ. ಶರಣರಿಗೆ ಫಲ ಬೇಕು, ಅದಿಲ್ಲದೆ ದಾಸೋಹ ನಡೆಯದು. ಆದರೆ ಬೇಕಾದದ್ದು ಅಂದಿನ ಮಟ್ಟಿಗಷ್ಟೇ. ಶರಣ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಹೆಚ್ಚು ಸಿಕ್ಕದ್ದೇ ದೋಷವಾಗಬಲ್ಲದಾದರೆ, ಏನೂ ಸಿಗದಿರುವುದು ತಾನಾಗಿ ದೋಷವಲ್ಲ.

ಇದಕ್ಕಿಂತ ಕಠಿಣವಾದದ್ದು ಮೀನಿನ ಜೀವದ ಪ್ರಶ್ನೆ. ಬಾಗೇವಾಡಿಯ ಬಸವಣ್ಣ ಸಕಲ ಜೀವಿಗಳ ಮೇಲಿನ ಕರುಣೆಯನ್ನೇ ಧರ್ಮಕ್ಕೆ ಅಡಿಗಲ್ಲಾಗಿಟ್ಟವರು. ಹೊತ್ತು ಕಳೆಯಲು ಹಾಕಿದ ಗಾಳ ಆ ಮಾತಿನೆದುರು ನಿಲ್ಲಲಾರದು. ಹೊಟ್ಟೆಪಾಡಿಗೆ ಬಲೆ ಬೀಸುವವರ ವಿಷಯದಲ್ಲಿ ವಾದ ಇನ್ನೂ ತೆರೆದೇ ಇದೆ.