ದೂರಿಗೊಂದು ಕಿವಿ

ಕಷ್ಟಕಾಲದಲ್ಲಿ ದೇವರನ್ನೇ ತರಾಟೆಗೆ ತೆಗೆದುಕೊಳ್ಳುವವರ ನಂಬಿಕೆ ಗಟ್ಟಿಯಿಲ್ಲ ಎನ್ನುವುದುಂಟು. ಅಮೆರಿಕದ ಯೆಹೂದಿ ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೀನ್ ಅವರ ಮೊದಲ ಸಿಂಫನಿ ‘ಜೆರೆಮಾಯ’ ಕೇಳಿದವರಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ.

1939ರಲ್ಲಿ ಅವರು ಹೀಬ್ರೂ ಪ್ರಲಾಪವೊಂದಕ್ಕೆ ಸ್ವರ ಹಾಕತೊಡಗಿ ಬದಿಗಿಟ್ಟಿದ್ದರು. 1942ರಲ್ಲಿ, 24ರ ಹರೆಯದಲ್ಲಿ, ಅದನ್ನೇ ಕೊನೆಯ ಭಾಗವಾಗಿಸಿ ಸಿಂಫನಿ ಕಟ್ಟಿದರು. ಬಾಸ್ಟನ್ನಿನ ಸ್ಪರ್ಧೆಯೊಂದಕ್ಕೆ ಡಿಸೆಂಬರ್ 31 ಕಡೆಯ ದಿನ. ತಂಗಿ ಶರ್ಲಿ, ಗೆಳೆಯರು ಕೂತು ಸ್ವರಲಿಪಿಯ ಪ್ರತಿ ಮಾಡಿಕೊಟ್ಟರು. ಬಹುಮಾನ ಬರಲಿಲ್ಲ. ಯುರೋಪಿನ ಯೆಹೂದಿಗಳನ್ನು ನಾಜಿಗಳು ನಿರ್ನಾಮ ಮಾಡುತ್ತಿದ್ದಾರೆಂದು ಮಿತ್ರರಾಷ್ಟ್ರಗಳು ಜಗತ್ತಿಗೆ ಸಾರಿದ್ದು ಅದೇ ಡಿಸೆಂಬರ್ 17ರಂದು.

ಸಿಂಫನಿಯ ಕೊನೆಯ ಭಾಗದ ಸಾಹಿತ್ಯ ಬೈಬಲಿನ ‘ಪ್ರಲಾಪಗಳು’ ಗ್ರಂಥದ್ದು. ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೇನೆ ಜೆರುಸಲೇಮಿನ ದೇವಾಲಯವನ್ನು ಸುಟ್ಟುಹಾಕಿತು. ಆ ದುಃಖದ ಹಾಡುಗಳಿವು. ಸಿಂಫನಿಗೆ ಹೆಸರು ಕೊಟ್ಟ ಪ್ರವಾದಿ ಯೆರೆಮೀಯನೇ (ಜೆರೆಮಾಯ) ಇವನ್ನು ಬರೆದನೆಂದು ಪರಂಪರೆ ನಂಬುತ್ತದೆ. ವರ್ಷಕ್ಕೊಮ್ಮೆ, ಆ ನಾಶವನ್ನು ನೆನೆಯುವ ಉಪವಾಸದ ರಾತ್ರಿ, ಯೆಹೂದಿಗಳು ಮಂದ ಬೆಳಕಿನಲ್ಲಿ ನೆಲದ ಮೇಲೆ ಕೂತು ಇದನ್ನು ರಾಗವಾಗಿ ಓದುತ್ತಾರೆ. ಹೀಬ್ರೂ ಅಕ್ಷರಗಳು 22. ಮೊದಲ ನಾಲ್ಕು ಅಧ್ಯಾಯಗಳ ಪದ್ಯಗಳು ಹೆಚ್ಚುಕಡಿಮೆ ಅಕ್ಷರಮಾಲೆಯ ಕ್ರಮದಲ್ಲೇ ಶುರುವಾಗುತ್ತವೆ. ಊರೇ ಬೂದಿಯಾದವರಿಗೆ ಹಿಡಿದುಕೊಳ್ಳಲು ಉಳಿದದ್ದು ಆ ಕ್ರಮವೊಂದೇ ಇರಬೇಕು. ಐದನೆಯದರಲ್ಲೂ ಪದ್ಯಗಳು 22, ಆದರೆ ಅಕ್ಷರಕ್ರಮ ಕಳಚಿಹೋಗಿದೆ.

ಬರ್ನ್‌ಸ್ಟೀನ್ ಅವರ ಮೊದಲ ಭಾಗ ಪ್ರವಾದಿಯ ಎಚ್ಚರಿಕೆ. ಎರಡನೆಯದು, ಒಂದೆಡೆ ನಿಲ್ಲದ ಲಯದಲ್ಲಿ, ಊರಿನ ಉಡಾಫೆ. ಮೂರನೆಯದರಲ್ಲಿ ಮಾತ್ರ ಮನುಷ್ಯಕಂಠ ಕೇಳುತ್ತದೆ. ಹೆಣ್ಣುದನಿಯೊಂದು, ಆ ಉಪವಾಸದ ರಾಗದ ಎಳೆ ಹಿಡಿದು, ಪಾಳುಬಿದ್ದ ನಗರಕ್ಕಾಗಿ ಅಳುತ್ತದೆ. ಕಡೆಗೆ ದೇವರತ್ತ ತಿರುಗಿ, ಮರೆತದ್ದೇಕೆಂದು ಕೇಳಿ, ಮರಳಿ ಕರೆದುಕೋ ಎಂದು ಬೇಡಿ ನಿಲ್ಲುತ್ತದೆ. ಗ್ರಂಥದಲ್ಲಿ ಇನ್ನೂ ಒಂದು ಪದ್ಯವಿದೆ: ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯೋ ಏನೋ ಎಂಬ ಭೀತಿಯದು. ಸಭಾಮಂದಿರಗಳಲ್ಲಿ ಅದನ್ನು ಓದಿದ ಮೇಲೆ ಹಿಂದಿನ ಪದ್ಯವನ್ನು ಮತ್ತೊಮ್ಮೆ ಹೇಳಿ ಮುಗಿಸುತ್ತಾರೆ. ಬರ್ನ್‌ಸ್ಟೀನ್ ಆ ಕೊನೆಯ ಪದ್ಯವನ್ನು ಮುಟ್ಟಲೇ ಇಲ್ಲ.

ಹಾಗೆಂದು ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಇಡೀ ಗ್ರಂಥದಲ್ಲಿ ಮೊರೆಗೆ ದೇವರು ಉತ್ತರವಾಗಿ ಬಂದು ನಿಲ್ಲುವುದಿಲ್ಲ, ಸಿಂಫನಿಯಲ್ಲೂ ಇಲ್ಲ. ಉತ್ತರವಿಲ್ಲದಿದ್ದರೂ ದೂರು ನಿಲ್ಲದಿರುವುದೇ ಇಲ್ಲಿನ ಭಕ್ತಿ. ಕೇಳುವ ಕಿವಿಯೊಂದಿದೆ ಎಂಬ ನೆಚ್ಚಿಕೆ ಪೂರ್ತಿ ಸತ್ತವರು ಜಗಳಕ್ಕೂ ಹೋಗುವುದಿಲ್ಲ, ಎದ್ದು ನಡೆದುಬಿಡುತ್ತಾರೆ.

ಸಿಂಫನಿಯ ಮೊದಲ ಪ್ರದರ್ಶನದಲ್ಲಿ, 1944ರ ಜನವರಿ 28ರಂದು, ಪಿಟ್ಸ್‌ಬರ್ಗ್‌ನಲ್ಲಿ ಬರ್ನ್‌ಸ್ಟೀನ್ ಅವರೇ ವಾದ್ಯವೃಂದ ನಡೆಸಿದರು, ಜೆನ್ನಿ ಟೂರೆಲ್ ಹಾಡಿದರು. ಕೃತಿಯನ್ನು ಅರ್ಪಿಸಿದ್ದು ತಂದೆ ಸ್ಯಾಮ್ಯುಯೆಲ್‌ಗೆ. ಅವರು ಯೆಹೂದಿ ಧರ್ಮಗ್ರಂಥ ತಾಲ್ಮುದ್ ಓದುವುದರಲ್ಲೇ ಮುಳುಗುತ್ತಿದ್ದ ಆಸ್ತಿಕರು. ಮಗ ಸಂಗೀತವನ್ನೇ ಕಸುಬಾಗಿಸಿಕೊಳ್ಳುವುದನ್ನು ವರ್ಷಗಟ್ಟಲೆ ವಿರೋಧಿಸಿದ್ದವರು.