ತುಂಬೆಯ ಬೀಜ

ಬೀಳುನೆಲದಲ್ಲಿ ಯಾರೂ ಬಿತ್ತದೆ ಬೆಳೆಯುವ ತುಂಬೆಯನ್ನು ಕುಂಡದಲ್ಲಿ ಬೆಳೆಸಲು ಹೊರಟವನನ್ನು ಕಂಡು ಹಳ್ಳಿಯವರು ನಕ್ಕರೆ ತಪ್ಪಲ್ಲ. ರೈತನಿಗೆ ಅದು ಕಳೆ. ಆದರೆ ಬೆಂಗಳೂರಿನ ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಕಟ್ಟಡವೆದ್ದ ವರ್ಷ ಅಮ್ಮನ ಪೂಜೆಯ ಬಟ್ಟಲಿಗೆ ತುಂಬೆಹೂ ಇಲ್ಲವಾಯಿತು. ಹೂವಾಡಗಿತ್ತಿಯ ಬುಟ್ಟಿಯಲ್ಲಿ ಸೇವಂತಿಗೆ ಉಂಟು. ಆದರೆ ಶಿವನಿಗೆ ಪ್ರಿಯವಾದದ್ದು ತುಂಬೆಯೆಂದು ಅಮ್ಮನ ನಂಬಿಕೆ.

ಊರಿಗೆ ಹೋದಾಗ ಹೊಲದ ಬದುವಿನಲ್ಲಿ ಒಣಗಿ ನಿಂತ ಗಿಡಗಳನ್ನು ಕಾಗದದ ಮೇಲೆ ಕೊಡವಿದೆ. ಹೂವುದುರಿದ ಒಂದೊಂದು ಬಟ್ಟಲಿನಲ್ಲಿ ಹೆಚ್ಚೆಂದರೆ 4 ಪುಟ್ಟ ಕಂದುಗಾಳು. ಮಳೆ ಹಿಡಿದ ಮೇಲೆ ಅವನ್ನು ಕುಂಡದಲ್ಲಿ ಉದುರಿಸಿ ತೆಳುವಾಗಿ ಮಣ್ಣು ಹರಡಿದೆ. ಗೊಬ್ಬರ ಹಾಕಲಿಲ್ಲ, ಬದುವಿನ ಮೇಲೆ ಅದಕ್ಕೆ ಗೊಬ್ಬರ ಹಾಕಿದವರು ಯಾರು? ಹಲವು ಮೊಳೆತು 4 ಗಿಡ ಉಳಿದವು. ಕಾರ್ತಿಕದ ಹೊತ್ತಿಗೆ ಗೆಣ್ಣುಗೆಣ್ಣಿನಲ್ಲೂ ಬಿಳಿಯ ಹೂ.

ಕಾರ್ತಿಕ ಸೋಮವಾರ ಅಮ್ಮ ಬಟ್ಟಲು ಹಿಡಿದು ಬಂದಳು. "ಎಲ್ಲ ಬಿಡಿಸಬೇಡಮ್ಮ, ಬೀಜಕ್ಕೆ ಬೇಕು" ಎಂದೆ. "ದೇವರಿಗೂ ಲೆಕ್ಕ ಹಾಕಿ ಕೊಡುತ್ತೀಯೇನೋ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಯೋಚಿಸಿದೆ. ಮಲ್ಲಿಗೆಯ ಬಳ್ಳಿಯಿಂದ ಇಂದು ಎಲ್ಲ ಹೂ ಬಿಡಿಸಿದರೂ ಬಳ್ಳಿ ಉಳಿಯುತ್ತದೆ. ತುಂಬೆಯ ಆಯುಸ್ಸು ಒಂದೇ ವರ್ಷ. ಬರುವ ವರ್ಷಕ್ಕೆ ಅದು ದಾಟುವುದು ಬೀಜದ ಮೂಲಕವೇ. ಅರಳಿದ್ದನ್ನೆಲ್ಲ ದಿನವೂ ಬಿಡಿಸಿದರೆ ಕಾಳುಗಟ್ಟುವುದು ಯಾವುದು? ಕೊನೆಯ ಹೂವನ್ನೂ ಅರ್ಪಿಸುವವನು ತನ್ನದನ್ನಷ್ಟೇ ಅಲ್ಲ, ಇನ್ನೂ ಹುಟ್ಟದ ಗಿಡದ ಪಾಲನ್ನೂ ಕೊಟ್ಟುಬಿಡುತ್ತಾನೆ. ಬಯಲು ದೊಡ್ಡದಾಗಿದ್ದಾಗ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಇಷ್ಟಾದರೂ ಮನಸ್ಸು ನಿರಾಳವಾಗಲಿಲ್ಲ. ಅಮ್ಮನನ್ನು ತಡೆದ ನನ್ನ ದನಿಯಲ್ಲಿ ಗಿಡದ ಕಾಳಜಿ ಎಷ್ಟಿತ್ತು, 'ಬಿತ್ತಿದವನು ನಾನು' ಎಂಬ ಗರ್ವ ಎಷ್ಟಿತ್ತು? ಖಾಲಿ ನಿವೇಶನದಲ್ಲಿ ಅದೇ ಹೂವನ್ನು ಯಾರು ಬಿಡಿಸಿದರೂ ನಾನು ಕೇಳಿದವನಲ್ಲ. ಕುಂಡವೊಂದು ಸಿಕ್ಕೊಡನೆ ಯಜಮಾನನಾಗಿಬಿಟ್ಟೆ!

ಮುಂದಿನ ಸೋಮವಾರ ಅಮ್ಮ ಮಾತಿಲ್ಲದೆ 3 ಗಿಡಗಳಿಂದ ಬಿಡಿಸಿಕೊಂಡು, ನಾಲ್ಕನೆಯದನ್ನು ಜೇನುಹುಳುಗಳಿಗೆ ಬಿಟ್ಟು ಒಳಗೆ ಹೋದಳು. ಆ ಗಿಡ ಒಣಗಿದಾಗ ಬೀಜವನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಡಬ್ಬಿಯಲ್ಲಿದೆ. ಇನ್ನೊಂದನ್ನು ಬೀದಿಯ ಕೊನೆಯ ಬೇಲಿಯುದ್ದಕ್ಕೂ ಎರಚಿ ಬಂದಿದ್ದೇನೆ. ಮಳೆಗೆ ಅಲ್ಲಿ ತುಂಬೆ ಎದ್ದರೆ ಯಾರು ಬೇಕಾದರೂ ಬಿಡಿಸಿಕೊಳ್ಳಲಿ. ಒಂದೆರಡು ಗಿಡ ಉಳಿಸಿರೆಂದು ಕೇಳಿಕೊಂಡೇನು, ನನ್ನದೆನ್ನಲಾರೆ.