ಒರೆಗಲ್ಲು ಹೇಳದ ಮಾತು

ಅಕ್ಕಸಾಲಿಗನ ಅಂಗಡಿಯಲ್ಲಿ ಒರೆಗಲ್ಲನ್ನು ಕಾಣದವರಾರು? ಹಟ್ಟಿಯ ಗಣಿಯಿರುವ ನಮ್ಮ ರಾಯಚೂರು ಜಿಲ್ಲೆಯವರಿಗಂತೂ ಚಿನ್ನದ ಮಾತು ಹೊಸದಲ್ಲ. ಒಡವೆಯನ್ನು ಕರಿಯ ಕಲ್ಲಿಗೆ ಉಜ್ಜಿದರೆ ಗೆರೆ ಮೂಡುತ್ತದೆ. ಬೆರಕೆ ಎಷ್ಟೆಂದು ಆ ಗೆರೆ ಹೇಳುತ್ತದೆ. ಬೆರಕೆ ಆದದ್ದು ಹೇಗೆ, ಏಕೆ ಎಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ನಾನು ಕಲಿತದ್ದು ಅಕ್ಕಸಾಲಿಗನಿಂದಲ್ಲ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ಅವನ ಹೆಸರು ಬೇಡ. ದೇವದುರ್ಗದ ಕಡೆಯವನೋ ಮಾನ್ವಿಯ ಕಡೆಯವನೋ ಎಂಬುದೂ ಬೇಡ. ಎಚ್‌ಐವಿ ಸೋಂಕಿತರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 2017ರ ಕಾಯಿದೆ ಹೇಳುತ್ತದೆ. ಕಾಯಿದೆ ಹೇಳದಿದ್ದರೂ ಮರ್ಯಾದೆ ಹೇಳುತ್ತದೆ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡುತ್ತ ಬಂದಿರುವ ಗುಳಿಗೆಗಳಿಗಾಗಿ ಊರಿನಿಂದ ರಾಯಚೂರಿಗೆ ಬಸ್ಸು ಹತ್ತಿ ಬರುವವರಲ್ಲಿ ಅವನೂ ಒಬ್ಬ ಎಂದರೆ ಸಾಕು.

ಕೆಲವು ವರ್ಷಗಳ ಹಿಂದೆ, ಗುಳಿಗೆ ನುಂಗುತ್ತಿದ್ದರೂ ಅವನ ರಕ್ತದಲ್ಲಿ ವೈರಾಣುವಿನ ಎಣಿಕೆ ಏರಿತು. ಗಾಬರಿಯಿಂದ ನನ್ನಲ್ಲಿಗೆ ಬಂದ. ನಾನು ಕೇಳಿದ ಮೊದಲ ಮಾತು:

“ಗುಳಿಗಿ ತಪ್ಪಿಸೀಯೇನು?”

“ಇಲ್ರಿ ಸರ. ಈ ವರ್ಷ ಒಂದಿನಾನೂ ತಪ್ಪಿಸಿಲ್ರಿ.”

ನಾನು ನಂಬಲಿಲ್ಲ. ನಕಲು ಮಾಡಿ ಸಿಕ್ಕಿಬಿದ್ದ ಹುಡುಗನನ್ನು ನೋಡುವ ಕಣ್ಣಿನಿಂದಲೇ ಅವನನ್ನು ನೋಡಿದೆ. ಇದು ಮೇಷ್ಟರ ವೃತ್ತಿಗೆ ಅಂಟಿದ ದೋಷ. ಉತ್ತರವನ್ನು ಓದುವ ಮೊದಲೇ ಅಂಕ ಹಾಕಿರುತ್ತೇವೆ.

ಆಮೇಲೆ ತಿಳಿದವರನ್ನು ಕೇಳಿ, ಈ ವೈರಾಣುವಿನ ಸ್ವಭಾವವನ್ನು ಅಷ್ಟಿಷ್ಟು ಅರಿತೆ. ಹಳಗನ್ನಡ ಪಾಠ ಹೇಳುವ ನನಗೆ ಅದು ಅರ್ಥವಾದದ್ದು ಓಲೆಗರಿಯ ಮೂಲಕ. ಲಿಪಿಕಾರನು ಪ್ರತಿ ಮಾಡುವಾಗ ಅಕ್ಷರ ತಪ್ಪುತ್ತಾನೆ, ಪಾಠಾಂತರ ಹುಟ್ಟುತ್ತದೆ. ಈ ವೈರಾಣುವೂ ತನ್ನನ್ನು ತಾನೇ ಪ್ರತಿ ಮಾಡಿಕೊಳ್ಳುವಾಗ ತಪ್ಪುತ್ತದೆ, ತಿದ್ದಿಕೊಳ್ಳುವುದಿಲ್ಲ. ಹೀಗೆ ಒಬ್ಬನ ಮೈಯಲ್ಲೇ ಅಸಂಖ್ಯ ಪಾಠಾಂತರಗಳು. ಅವುಗಳಲ್ಲಿ ಔಷಧಿಗೆ ಬಗ್ಗದ ಒಂದು ಉಳಿದುಕೊಂಡರೆ, ಮುಂದೆ ಬೆಳೆಯುವುದು ಅದರ ಸಂತತಿಯೇ.

ಇದಲ್ಲದೆ ಈ ವೈರಾಣುವಿನಲ್ಲಿ ಒಳಬಗೆಗಳೂ ಉಂಟು. ಅಮೆರಿಕ, ಪಶ್ಚಿಮ ಯೂರೋಪುಗಳಲ್ಲಿ ಹೆಚ್ಚಾಗಿ ಕಂಡದ್ದು ‘ಬಿ’ ಬಗೆ. ನಮ್ಮ ದೇಶದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಹೆಚ್ಚಾಗಿರುವುದು ‘ಸಿ’ ಬಗೆ. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜಿಡೊವುಡಿನ್ ಮೊದಲಾದ ಆದಿಯ ಔಷಧಿಗಳನ್ನು ಒರೆಗೆ ಹಚ್ಚಿದ್ದು ಬಹುಮಟ್ಟಿಗೆ ‘ಬಿ’ಯ ಮೇಲೆ. ಪುಣ್ಯವಶಾತ್ ಅವು ‘ಸಿ’ಯ ಮೇಲೂ ಕೆಲಸ ಮಾಡಿದವು. ಆದರೆ ಎರಡೂ ಎಲ್ಲದರಲ್ಲೂ ಸಮವಲ್ಲ. ಟೆನೊಫೊವಿರ್ ಎಂಬ ಔಷಧಿಗೆ ಬಗ್ಗದಿರುವುದನ್ನು ‘ಸಿ’ ಬಗೆ ‘ಬಿ’ಗಿಂತ ಬೇಗ ಕಲಿಯುತ್ತದೆಂದು, ಪ್ರಯೋಗಾಲಯದಲ್ಲಿ ಸಾಕಿದ ಜೀವಕೋಶಗಳಲ್ಲಿ ಪರೀಕ್ಷಿಸಿ, ಕೆನಡದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಆದ್ದರಿಂದ ಎಲ್ಲಿಯದೋ ವೈರಾಣುವಿನ ಮೇಲೆ ಗೆದ್ದಿತೆಂದ ಮಾತ್ರಕ್ಕೆ ಎಲ್ಲೆಡೆಯೂ ಹಾಗೆಯೇ ಗೆಲ್ಲುವುದೆನ್ನುವಂತಿಲ್ಲ.

ಪರೀಕ್ಷೆಯ ದಾರಿಗಳು ಎರಡು. ರೋಗಿಯಿಂದ ಪಡೆದ ವೈರಾಣುವಿನ ಭಾಗವನ್ನು ಜೀವಕೋಶಗಳಲ್ಲಿ ಬೆಳೆಸಿ, ಔಷಧಿಯ ಪ್ರಮಾಣವನ್ನು ಏರಿಸುತ್ತ, ಎಷ್ಟಕ್ಕೆ ಅದರ ಬೆಳವಣಿಗೆ ಅರ್ಧಕ್ಕಿಳಿಯುವುದೆಂದು ನೋಡುವುದು ಒಂದು. ಅದರ ಅಕ್ಷರಮಾಲೆಯನ್ನೇ ಓದಿ, ಎಲ್ಲಿ ಪಾಠ ಬದಲಾಗಿದೆಯೆಂದು ಗುರುತಿಸುವುದು ಇನ್ನೊಂದು. ಮೊದಲನೆಯದಕ್ಕೆ ವೆಚ್ಚವೂ ಕಾಲವೂ ಹೆಚ್ಚು. ಆದ್ದರಿಂದ ರೋಗಿಗಳ ಮಟ್ಟಿಗೆ ಎರಡನೆಯದೇ ಹೆಚ್ಚು ಬಳಕೆಯಲ್ಲಿದೆ.

ನನ್ನ ವಿದ್ಯಾರ್ಥಿಗೆ ಆ ಎರಡನೆಯ ಪರೀಕ್ಷೆ ಆಯಿತು. ಪಾಠ ಬದಲಾಗಿತ್ತು. ತಪ್ಪದೆ ನುಂಗಿದರೂ ಆ ಗುಳಿಗೆ ನಾಟುವಂತಿರಲಿಲ್ಲ. ಅವನು ಹೇಳಿದ್ದು ನಿಜ. ನಾನು ಎಣಿಸಿದ್ದು ಸುಳ್ಳು. ಔಷಧಿ ಬದಲಾಯಿಸಿದರು, ಎಣಿಕೆ ಇಳಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನೀತಿ ಸುಲಭವಾಗಿತ್ತು. ಕೆಲವು ದಿನಗಳ ಮೇಲೆ ಅವನೇ ಬಂದು ಇನ್ನೊಂದು ಮಾತು ಹೇಳಿದ. ಅದಕ್ಕೆ ಎರಡು ವರ್ಷ ಹಿಂದೆ, ಮಳೆ ಕೈಕೊಟ್ಟಾಗ, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದನಂತೆ. ತಗಡಿನ ಶೆಡ್ಡಿನಲ್ಲಿ ಊರಿನವರೇ ಎಂಟು ಮಂದಿ. ಗುಳಿಗೆಯ ಡಬ್ಬಿ ಇಡಲು ಮರೆಯಿಲ್ಲ. ಒಂದು ದಿನ ನುಂಗಿ, ನಾಲ್ಕು ದಿನ ಬಿಟ್ಟು, ಹೀಗೆ ಎರಡು ತಿಂಗಳು. ಔಷಧಿ ಅರೆಬರೆಯಾದಾಗಲೇ ವೈರಾಣು ಅದನ್ನು ಮೀರುವುದು ಕಲಿಯುವುದು.

ಹಾಗಾದರೆ ನನ್ನ ಸಂಶಯವೇ ಸರಿಯಾಗಿತ್ತೆ? ಹೀಗೆಂದು ಒಂದು ಗಳಿಗೆ ಸಮಾಧಾನಪಟ್ಟೆನೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಅವನು ಡಬ್ಬಿಯನ್ನು ಬಚ್ಚಿಟ್ಟದ್ದು ಯಾರ ಕಣ್ಣಿಗೆ ಹೆದರಿ? ನನ್ನ ಕಣ್ಣಿನಂಥ ಕಣ್ಣಿಗೇ ಅಲ್ಲವೆ? ಗುಳಿಗೆ ನುಂಗುವ ಹೊಣೆ ಅವನದೇ. ಅದನ್ನು ಅವನೂ ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ಜನರ ನಡುವೆ ಅಂಜದೆ ನುಂಗುವಂತೆ ಮಾಡುವ ಹೊಣೆ ಉಳಿದವರದು. ಪರೀಕ್ಷೆ ಮೊದಲನೆಯ ಹೊಣೆಯ ಲೆಕ್ಕವನ್ನೇ ಪೂರ್ತಿ ಹೇಳಲಾರದು; ಎರಡನೆಯದರ ಸುದ್ದಿಯನ್ನಂತೂ ಎತ್ತುವುದೇ ಇಲ್ಲ.

ಕನ್ನಡದಲ್ಲಿ ‘ತಪ್ಪಿಸು’ ಎಂಬುದೂ ‘ತಪ್ಪು’ ಎಂಬುದೂ ಒಂದೇ ಧಾತುವಿನವು. ‘ತಪ್ಪಿಸಿದೆಯಾ?’ ಎಂದರೆ ಎದುರಿಗಿರುವವನು ಕಳ್ಳ, ‘ತಪ್ಪಿತೆ?’ ಎಂದರೆ ಅವನು ಮನುಷ್ಯ. ಇಪ್ಪತ್ತು ವರ್ಷ ವ್ಯಾಕರಣ ಪಾಠ ಹೇಳಿಯೂ ಈ ಅಂತರ ನನಗೆ ಹೊಳೆದಿರಲಿಲ್ಲ.

ಮೊನ್ನೆ ಬಂದಿದ್ದ. “ಈ ಸಲ ಗುಳಿಗಿ ಎಂದಾದರೂ ತಪ್ಪಿತೇನಪಾ?” ಎಂದೆ.

“ಒಂದಿನ ತಪ್ಪಿತ್ರಿ ಸರ. ಚೀಲ ಬಸ್ಸಿನ್ಯಾಗ ಬಿಟ್ಟಿದ್ದೆ,” ಎಂದ.

ನಾನು ಕೇಳಿದಾಗ ಅವನು ತಲೆ ತಗ್ಗಿಸದೆ ಉತ್ತರ ಕೊಟ್ಟದ್ದು ಅದೇ ಮೊದಲು.